ಕುಕ್ಕರಹಳ್ಳಿ ಕೆರೆ ದಡದಲ್ಲಿ ಮರಗಳ ಫೋಟೊ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ವಾಕಿಂಗ್ ಬರುವವರು ಒಂದಲ್ಲ ಒಂದು ತಿರುವಿನಲ್ಲಿ ನಿಂತು ಮೊಬೈಲ್ ಹೊರಗೆ ತೆಗೆಯುತ್ತಾರೆ. ಎದುರಿಗೆ ನೀರು, ಆಚೆ ದಡದಲ್ಲಿ ಮರಗಳ ಸಾಲು, ಅದರಾಚೆ ಚಾಮುಂಡಿ ಬೆಟ್ಟ. ಮನೆಗೆ ಹೋಗಿ ನೋಡಿದರೆ ಕಣ್ಣಿಗೆ ಕಂಡ ಚೆಂದ ಫೋಟೊದಲ್ಲಿ ಇರುವುದಿಲ್ಲ. ಯಾಕೆ ಹೀಗೆ ಅಂತ ಕೇಳುವವರಿಗಾಗಿ ಈ ಪ್ರಶ್ನೋತ್ತರ. ಹೆಚ್ಚಿನ ಉದಾಹರಣೆಗಳು ಕುಕ್ಕರಹಳ್ಳಿಯವು. ಆದರೆ ನಿಮ್ಮ ಊರಿನ ಕೆರೆ ದಡಕ್ಕೂ ಇವು ಹೊಂದುತ್ತವೆ.

ಮರದ ಫೋಟೊ ತೆಗೆಯೋಕೆ ಕೆರೆಗೇ ಯಾಕೆ ಹೋಗಬೇಕು? ಮರ ಎಲ್ಲ ಕಡೆ ಇದೆಯಲ್ವಾ?

ಇದೆ. ಆದರೆ ಮರದ ಹಿಂದೆ ಏನಿದೆ ಅನ್ನುವುದೇ ಫೋಟೊ ಗೆಲ್ಲುತ್ತದೋ ಸೋಲುತ್ತದೋ ಅಂತ ತೀರ್ಮಾನಿಸುತ್ತದೆ. ರಸ್ತೆ ಬದಿಯ ಮರದ ಹಿಂದೆ ಕರೆಂಟ್ ತಂತಿ, ಕಾಂಪೌಂಡು, ಅಂಗಡಿ ಬೋರ್ಡು. ತೋಪಿನೊಳಗೆ ಹೋದರೆ ಒಂದು ಮರದ ಹಿಂದೆ ಇನ್ನೊಂದು ಮರ, ಕೊಂಬೆಗೆ ಕೊಂಬೆ ಹೆಣೆದುಕೊಂಡು ಯಾವುದು ಯಾರದ್ದು ಅಂತಲೇ ಗೊತ್ತಾಗುವುದಿಲ್ಲ. ಎರಡು ಕಣ್ಣಿನಿಂದ ನೋಡುವಾಗ ನಮಗೆ ದೂರ ಹತ್ತಿರದ ವ್ಯತ್ಯಾಸ ತಿಳಿಯುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಅದರಲ್ಲಿ ಎಲ್ಲವೂ ಒಂದೇ ಗೋಡೆಗೆ ಅಂಟಿಸಿದಂತೆ ಬರುತ್ತದೆ.

ಕೆರೆ ದಡದಲ್ಲಿ ಮರದ ಹಿಂದೆ ನೀರು ಮತ್ತು ಆಕಾಶ ಮಾತ್ರ. ಕಾಂಡದ ಗೆರೆ, ಕೊಂಬೆ ಕವಲೊಡೆದ ರೀತಿ, ಕೊಡೆಯಂತೆ ಹರಡಿದ ಮೇಲ್ಭಾಗ ಎಲ್ಲವೂ ಬಿಡಿಸಿಟ್ಟ ಹಾಗೆ ಕಾಣುತ್ತವೆ. ಮರಗಳ ಫೋಟೊ ಕಲಿಯುವವರಿಗೆ ಕೆರೆಯಂಥ ಶಾಲೆ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಮುಂದಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ಮಾತಿಗೇ ವಾಪಸ್ ಬರುತ್ತವೆ: ಮೊದಲು ಹಿಂಬದಿ ನೋಡಿ, ಆಮೇಲೆ ಮರ ನೋಡಿ.

ಕುಕ್ಕರಹಳ್ಳಿ ಕೆರೆ ಎಷ್ಟು ದೊಡ್ಡದು? ಸುತ್ತು ಹಾಕೋಕೆ ಎಷ್ಟು ಹೊತ್ತು ಬೇಕು?

ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ, ಬೇಸಾಯಕ್ಕೆ ನೀರು ಒದಗಿಸಲು ಕಟ್ಟಿಸಿದ ಕೆರೆ ಇದು. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ, ವಿಶ್ವವಿದ್ಯಾನಿಲಯದ ಉಸ್ತುವಾರಿಯಲ್ಲೇ ಇದೆ. ಕುವೆಂಪು ಅವರು ಇಲ್ಲಿ ತಿರುಗಾಡುತ್ತಿದ್ದದ್ದು ಮೈಸೂರಿನವರಿಗೆಲ್ಲ ಗೊತ್ತಿರುವ ಸಂಗತಿ.

ಸುತ್ತಲಿನ ದಾರಿ ಸುಮಾರು 5 ಕಿ.ಮೀ. ಬಿರುಸಾಗಿ ನಡೆದರೆ ಒಂದು ಗಂಟೆ. ಫೋಟೊ ತೆಗೆಯುವವರು ಪೂರ್ತಿ ಸುತ್ತು ಹಾಕುವ ಆಸೆ ಬಿಡಿ. ಒಂದು ದಿನಕ್ಕೆ ದಡದ ಒಂದು ಭಾಗ ಸಾಕು. ವಾಕಿಂಗ್‌ಗೆ ಬೆಳಿಗ್ಗೆ ಮತ್ತು ಸಂಜೆ ನಿಗದಿ ಮಾಡಿದ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ. ಗೇಟಿನ ಹತ್ತಿರದ ಬೋರ್ಡ್ ನೋಡಿಕೊಂಡು ಹೋಗಿ.

ಯಾವ ಹೊತ್ತಿಗೆ ಹೋದರೆ ಒಳ್ಳೆ ಬೆಳಕು ಸಿಗುತ್ತದೆ?

ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚಿನ ಇಪ್ಪತ್ತು ನಿಮಿಷ, ಹುಟ್ಟಿದ ಮೇಲಿನ ಮುಕ್ಕಾಲು ಗಂಟೆ. ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋಟೊಗ್ರಫಿ ಪಾಠಗಳಲ್ಲಿ ‘ಗೋಲ್ಡನ್ ಅವರ್’ ಅಂತ ಕೇಳಿರುತ್ತೀರಿ, ಬಂಗಾರದ ಬೆಳಕು ಒಂದು ಗಂಟೆಗೂ ಜಾಸ್ತಿ ಇರುತ್ತದೆ ಅಂತಲೂ ಓದಿರುತ್ತೀರಿ. ಆ ಪಾಠಗಳಲ್ಲಿ ಬಹಳಷ್ಟು ಯುರೋಪ್, ಅಮೆರಿಕದಲ್ಲಿ ಕೂತು ಬರೆದವು. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಮೇಲೆ ಬರುತ್ತಾನೆ. ಮಾರ್ಚ್ ತಿಂಗಳ ಬೆಳಿಗ್ಗೆ ಲಂಡನ್‌ನಲ್ಲಿ ಗಂಟೆಗೆ ಸುಮಾರು 9 ಡಿಗ್ರಿ ಏರಿದರೆ, ಮೈಸೂರಿನಲ್ಲಿ 14 ಡಿಗ್ರಿಗೂ ಜಾಸ್ತಿ ಏರುತ್ತಾನೆ. ನಾವು ಸಮಭಾಜಕ ವೃತ್ತದಿಂದ 12 ಡಿಗ್ರಿ ಮೇಲಷ್ಟೇ ಇದ್ದೇವೆ, ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಏರುತ್ತಾನೆ. ಹಾಗಾಗಿ ಇಲ್ಲಿ ಮೆದುವಾದ ಹಳದಿ ಬೆಳಕು ಬೇಗ ಮುಗಿಯುತ್ತದೆ. ಎಂಟು ಗಂಟೆಗೆ ಆರಾಮಾಗಿ ಹೋಗೋಣ ಅಂದರೆ ಎಲೆ ಮೇಲೆಲ್ಲ ಬಿಳಿ ಹೊಳಪು, ಕೆಳಗೆ ಗಟ್ಟಿ ಕಪ್ಪು ನೆರಳು.

ಜನವರಿ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಆಸುಪಾಸು. ಮೇ ಕೊನೆಯಲ್ಲಿ ಆರಕ್ಕೆ ಸ್ವಲ್ಪ ಮುಂಚೆ. ಚಳಿಗಾಲದಲ್ಲಿ ಏಳುವುದು ಸುಲಭ, ಬೆಳಕೂ ಚೆಂದ, ಒಮ್ಮೊಮ್ಮೆ ನೀರಿನ ಮೇಲೆ ಮಂಜು. ಹೊಸಬರಿಗೆ ಡಿಸೆಂಬರ್, ಜನವರಿ ಒಳ್ಳೆಯದು.

ಬೆಳಿಗ್ಗೆಗೆ ಇನ್ನೂ ಒಂದು ಲಾಭ ಇದೆ: ಗಾಳಿ ಇರುವುದಿಲ್ಲ. ನೆಲ ಬಿಸಿಯಾಗುತ್ತಾ ಹೋದ ಹಾಗೆ ಗಾಳಿ ಏಳುತ್ತದೆ, ನೀರು ಮಿಸುಕಾಡುತ್ತದೆ, ಪ್ರತಿಬಿಂಬ ಚದುರಿಹೋಗುತ್ತದೆ.

ಸೂರ್ಯ ಚಾಮುಂಡಿ ಬೆಟ್ಟದ ಹಿಂದಿನಿಂದ ಏಳುವ ಫೋಟೊ ಯಾವ ತಿಂಗಳಲ್ಲಿ ಸಿಗುತ್ತದೆ?

ಕುಕ್ಕರಹಳ್ಳಿ ದಡದಿಂದ ಸಿಗುವುದಿಲ್ಲ. ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಕೆರೆಯಿಂದ ನೋಡಿದರೆ ಬೆಟ್ಟ ಆಗ್ನೇಯಕ್ಕಿದೆ. ಸೂರ್ಯ ಅತಿ ಹೆಚ್ಚು ದಕ್ಷಿಣಕ್ಕೆ ಸರಿದು ಹುಟ್ಟುವುದು ಡಿಸೆಂಬರ್ ಕೊನೆ ಭಾಗದಲ್ಲಿ. ಆಗಲೂ ಅವನು ಬೆಟ್ಟದ ಎಡಕ್ಕೆ, ಸಾಕಷ್ಟು ದೂರದಲ್ಲೇ ಮೇಲೆ ಬರುತ್ತಾನೆ. ಜೂನ್‌ನಲ್ಲಂತೂ ಈಶಾನ್ಯದ ಕಡೆ ಹೋಗಿಬಿಡುತ್ತಾನೆ.

ಇದರಿಂದ ನಷ್ಟವೇನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ವಾಯವ್ಯ ದಡದಲ್ಲಿ ನಿಂತರೆ ಬೆಟ್ಟದ ಎಡಗಡೆಯ ಆಕಾಶ ಕೆಂಪಾಗುತ್ತದೆ, ಬೆಟ್ಟ ನೀಲಿ ಛಾಯೆಯಲ್ಲಿ ಉಳಿಯುತ್ತದೆ. ಎರಡೂ ಬಣ್ಣ ನೀರಿನಲ್ಲಿ ಬೀಳುತ್ತವೆ. ಸೂರ್ಯನೇ ಬೆಟ್ಟದ ನೆತ್ತಿ ಮೇಲೆ ಕೂತಿದ್ದರೆ ಇಷ್ಟು ಬಣ್ಣ ಬರುತ್ತಿರಲಿಲ್ಲ, ಬೆಳಕಿಗೆ ಎಲ್ಲವೂ ಮಂಕಾಗುತ್ತಿತ್ತು. ಫ್ರೇಮಿನ ಎಡ ಅಂಚಿಗೆ ದಡದ ಒಂದು ಮರ ಸಿಕ್ಕಿತೆಂದರೆ ಸೂರ್ಯನನ್ನು ಅದರ ಕೊಂಬೆ ಹಿಂದೆ ಮರೆ ಮಾಡಬಹುದು.

ನನ್ನ ಹತ್ರ ಮೊಬೈಲ್ ಮಾತ್ರ ಇದೆ. ಸಾಕಾ?

ಸಾಕು. ಕೆರೆ ದಡದ ಫೋಟೊಗೆ ಮೊಬೈಲ್ ನಿಜಕ್ಕೂ ಚೆನ್ನಾಗಿ ಹೊಂದುತ್ತದೆ. ನೀರಿಗೆ ಒಂದು ಗೇಣು ಮೇಲೆ ಅದನ್ನು ಹಿಡಿಯಬಹುದು, ದೊಡ್ಡ ಕ್ಯಾಮೆರಾದಲ್ಲಿ ಅದು ಕಷ್ಟ. ಹೋಗುವ ಮುಂಚೆ ಲೆನ್ಸ್ ಒರೆಸಿಕೊಳ್ಳಿ. ಜೇಬಿನೊಳಗೆ ಅಂಟಿದ ಎಣ್ಣೆ ಜಿಡ್ಡು ಎದುರು ಬೆಳಕಿನಲ್ಲಿ ಇಡೀ ಚಿತ್ರದ ಮೇಲೆ ಮಬ್ಬು ಹರಡುತ್ತದೆ.

ಎರಡು ಬೆರಳಿನಿಂದ ಎಳೆದು ಜೂಮ್ ಮಾಡುವುದು ಬೇಡ. ಬಹಳಷ್ಟು ಫೋನ್‌ಗಳಲ್ಲಿ ಅದು ಸುಮ್ನೆ ಚಿತ್ರ ಕತ್ತರಿಸಿ ದೊಡ್ಡದು ಮಾಡುತ್ತದೆ, ಎಲೆಗಳೆಲ್ಲ ಬಣ್ಣ ಮೆತ್ತಿದ ಹಾಗೆ ಆಗುತ್ತವೆ. ಫೋನಿನಲ್ಲಿ ಪ್ರತ್ಯೇಕ ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ. ಆಚೆ ದಡದ ಮರವನ್ನೂ ಬೆಟ್ಟವನ್ನೂ ಹತ್ತಿರ ತರಲು ಅದು ಬಹಳ ಉಪಯೋಗ.

ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಮರ ಕಪ್ಪಾಗುತ್ತದೆ. ಏನು ಮಾಡಲಿ?

ಎರಡರಲ್ಲಿ ಯಾವುದು ಬೇಕು ಅಂತ ಮೊದಲು ನಿರ್ಧಾರ ಮಾಡಿ. ಎದುರು ಬೆಳಕಿನಲ್ಲಿ ಆಕಾಶಕ್ಕೂ ಎಲೆಗೂ ಇರುವ ವ್ಯತ್ಯಾಸವನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ (ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಒಂದೇ ಅಳತೆಯಲ್ಲಿ) ಹಿಡಿಯುವುದು ಕ್ಯಾಮೆರಾಕ್ಕೆ ಕಷ್ಟ. ಮರದ ಆಕಾರ ಚೆನ್ನಾಗಿದ್ದರೆ ಕಪ್ಪಾಗಲು ಬಿಡಿ. ಮೊಬೈಲ್‌ನಲ್ಲಿ ಆಕಾಶದ ಹೊಳೆಯುವ ಭಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಮರ ಪೂರ್ತಿ ಕಪ್ಪಾಗಿ, ಹಿಂದೆ ಬಣ್ಣ ತುಂಬಿಕೊಂಡು ಬರುತ್ತದೆ. ಇಂಥ ಚಿತ್ರಕ್ಕೆ ಎಚ್‌ಡಿಆರ್ (ಹೊಳಪು, ನೆರಳು ಎರಡೂ ಕಾಣುವಂತೆ ಸಮ ಮಾಡುವ ಸೌಲಭ್ಯ) ಆಫ್ ಇರಲಿ. ಇಲ್ಲದಿದ್ದರೆ ಫೋನ್ ತಾನಾಗಿ ಕಪ್ಪನ್ನು ಬೂದಿ ಬಣ್ಣಕ್ಕೆ ಎತ್ತಿಬಿಡುತ್ತದೆ.

ಎಲೆ, ತೊಗಟೆ ಎಲ್ಲ ಕಾಣಬೇಕು ಅನ್ನುವುದಾದರೆ ಸೂರ್ಯನಿಗೆ ಬೆನ್ನು ಅಥವಾ ಭುಜ ಕೊಟ್ಟು ನಿಲ್ಲಿ. ಬೆಳಕು ಪಕ್ಕದಿಂದ ಬಿದ್ದರೆ ಕಾಂಡ ದುಂಡಗೆ ಕಾಣುತ್ತದೆ. ಬೆನ್ನ ಹಿಂದಿನಿಂದ ಬಿದ್ದರೆ ಬಣ್ಣ ಚೆನ್ನಾಗಿ ಬರುತ್ತದೆ, ಮರ ಮಾತ್ರ ಸ್ವಲ್ಪ ಚಪ್ಪಟೆ.

ಪ್ರತಿಬಿಂಬ ಚೆನ್ನಾಗಿ ಬರೋಕೆ ಏನು ಮಾಡಬೇಕು?

ಕುಕ್ಕರಗಾಲಲ್ಲಿ ಕೂರಿ. ಕೆರೆ ಫೋಟೊ ತೆಗೆಯುವವರಿಗೆ ನಾನು ಮೊದಲು ಹೇಳುವ ಮಾತು ಇದು.

ನೀರನ್ನು ನೆಟ್ಟಗೆ ಮೇಲಿನಿಂದ ನೋಡಿದರೆ ಅದು ಬಿದ್ದ ಬೆಳಕಿನಲ್ಲಿ ಶೇ. 2ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಮಿಕ್ಕಿದ್ದು ನೀರೊಳಗೆ ಹೋಗುತ್ತದೆ. ಹಾಗಾಗಿ ಕಾಲ ಬುಡದ ನೀರಿನಲ್ಲಿ ಕೆಸರು, ಪಾಚಿ ಕಾಣುತ್ತವೆ, ಮರ ಕಾಣುವುದಿಲ್ಲ. ನೋಟ ಓರೆಯಾದಷ್ಟೂ ನೀರು ಕನ್ನಡಿಯಾಗುತ್ತಾ ಹೋಗುತ್ತದೆ. ನೀವು ಕೆಳಗೆ ಕೂತಷ್ಟೂ ನೋಟ ಓರೆಯಾಗುತ್ತದೆ, ಪ್ರತಿಬಿಂಬ ಗಟ್ಟಿಯಾಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ನೀರಿನಲ್ಲಿ ಕಾಣುವುದು ಮೇಲಿನ ದೃಶ್ಯದ ತಲೆಕೆಳಗಾದ ನಕಲು ಅಲ್ಲ. ನೀರಿನ ಮಟ್ಟದಿಂದ ನಿಮ್ಮ ಕಣ್ಣು ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದರೆ ಹೇಗೆ ಕಾಣುತ್ತಿತ್ತೋ ಹಾಗೆ ಕಾಣುತ್ತದೆ. ಏರಿ ಮೇಲೆ ನಿಂತು ನೋಡುವಾಗ ಮರಗಳ ತಲೆ ಮೇಲೆ ಬೆಟ್ಟ ಚೆನ್ನಾಗಿ ಕಾಣುತ್ತಿರುತ್ತದೆ. ನೀರಿನಲ್ಲಿ ಮಾತ್ರ ಆ ಬೆಟ್ಟ ಮರಗಳ ಹಿಂದೆ ಸ್ವಲ್ಪ ಅಡಗಿರುತ್ತದೆ. ಬೆಟ್ಟವೂ ಪೂರ್ತಿ ನೀರಿಗೆ ಇಳಿಯಬೇಕು ಅಂದರೆ ಆಚೆ ದಡದಲ್ಲಿ ಮರ ಕುಳ್ಳಗಿರುವ ಜಾಗ ಹುಡುಕಿ.

ಪ್ರತಿಬಿಂಬ ಸಾಮಾನ್ಯವಾಗಿ ನಿಜವಾದ ಮರಕ್ಕಿಂತ ಸ್ವಲ್ಪ ಕಪ್ಪು. ಎಡಿಟ್ ಮಾಡುವಾಗ ನೀರಿನ ಭಾಗವನ್ನು ಬೆಳಗಿಸಿ ಎರಡನ್ನೂ ಸಮ ಮಾಡಬೇಡಿ. ಕೃತಕ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ದಡದ ಗೆರೆಯನ್ನು ಸರಿಯಾಗಿ ಮಧ್ಯಕ್ಕೆ ಇಡಬಾರದು ಅಂತ ಕೆಲವರು ನಿಯಮ ಹೇಳುತ್ತಾರೆ. ನೀರು ಕದಲದೆ ನಿಂತಿದ್ದರೆ ಮಧ್ಯಕ್ಕೇ ಇಡಿ, ಅದಕ್ಕೆ ಒಪ್ಪುತ್ತದೆ. ಆದರೆ ಗೆರೆ ಓರೆಯಾಗಬಾರದು. ಒಂದು ಡಿಗ್ರಿ ಓರೆಯಾದರೂ ಕೆರೆ ನೀರು ಒಂದು ಕಡೆ ಚೆಲ್ಲಿಹೋಗುವ ಹಾಗೆ ಕಾಣುತ್ತದೆ.

ಪೋಲರೈಸರ್ ಫಿಲ್ಟರ್ ಕೊಳ್ಳಲಾ?

ಕ್ಯಾಮೆರಾ ಇದ್ದರೆ ಮೊದಲು ಕೊಳ್ಳಬೇಕಾದ ಫಿಲ್ಟರ್ ಅದೇ. ಎಲೆ ಮೇಲಿನ ಬಿಳಿ ಹೊಳಪನ್ನು ಅದು ತೆಗೆಯುತ್ತದೆ, ಒಳಗಿನ ಹಸಿರು ಹೊರಗೆ ಬರುತ್ತದೆ. ಮಳೆ ನಿಂತ ಮೇಲೆ ಒದ್ದೆ ಎಲೆಗಳಿಗೆ ಹಾಕಿ ನೋಡಿ, ಬೇರೆ ಮರವೇ ಅನ್ನಿಸುತ್ತದೆ. ಎಡಿಟಿಂಗ್‌ನಲ್ಲಿ ಈ ಕೆಲಸ ಮಾಡಲು ಆಗುವುದಿಲ್ಲ.

ಆದರೆ ಅದೇ ಫಿಲ್ಟರ್ ಪ್ರತಿಬಿಂಬವನ್ನೂ ಅಳಿಸಬಲ್ಲದು. ರಿಂಗ್ ತಿರುಗಿಸುತ್ತಾ ಕಣ್ಣಿನಿಂದ ನೋಡಿಕೊಂಡು ನಿಲ್ಲಿಸಬೇಕು. ಸೂರ್ಯ ನಿಮ್ಮ ಪಕ್ಕದಲ್ಲಿದ್ದಾಗ ನೀಲಿ ಆಕಾಶದ ಮೇಲೆ ಅದರ ಪರಿಣಾಮ ಜಾಸ್ತಿ, ಎದುರಿಗೋ ಬೆನ್ನಿಗೋ ಇದ್ದಾಗ ಬಹಳ ಕಮ್ಮಿ. ವೈಡ್ ಲೆನ್ಸ್ (ಅಗಲವಾದ ದೃಶ್ಯ ಹಿಡಿಯುವ ಲೆನ್ಸ್) ಹಾಕಿದರೆ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗಿ ಅಸಹ್ಯವಾಗಿ ಕಾಣಬಹುದು. ಒಂದರಿಂದ ಎರಡು ಸ್ಟಾಪ್ ಬೆಳಕನ್ನೂ ಅದು ತಿನ್ನುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು).

ದೊಡ್ಡ ಮರ ಫ್ರೇಮಿಗೆ ಹಿಡಿಸುವುದೇ ಇಲ್ಲ. ಹಿಡಿಸಿದರೆ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ.

ಹತ್ತಿರ ನಿಂತು ಫೋನನ್ನು ಮೇಲಕ್ಕೆ ಬಾಗಿಸಿದರೆ ಮರ ಹಿಂದಕ್ಕೆ ವಾಲುತ್ತದೆ. ಅಲ್ಟ್ರಾ ವೈಡ್ ಲೆನ್ಸ್‌ನಲ್ಲಿ ಇದು ಇನ್ನೂ ಜಾಸ್ತಿ. ದೂರ ಹೋಗಿ, ಫೋನನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಕೆರೆಯಲ್ಲಿ ಇದಕ್ಕೆ ಒಂದು ಅನುಕೂಲ ಇದೆ. ದಡ ಒಳಕ್ಕೆ ಬಾಗಿದ ಕಡೆ, ಈ ತುದಿಯಲ್ಲಿ ನಿಂತು ಆ ತುದಿಯ ಮರವನ್ನು ನೀರಿನ ಮೇಲಿಂದ ನೋಡಬಹುದು. ಮರ ಬುಡದಿಂದ ತುದಿವರೆಗೆ, ಪ್ರತಿಬಿಂಬದ ಸಮೇತ ಸಿಗುತ್ತದೆ. ಇಡೀ ಮರವೇ ಬೇಕು ಅನ್ನುವ ಹಟವೂ ಬೇಡ. ಕವಲೊಡೆದ ಜಾಗ ಒಂದನ್ನೇ ತೆಗೆದರೂ ಮರದ ವಯಸ್ಸು, ಗತ್ತು ಗೊತ್ತಾಗುತ್ತದೆ.

ಎಲ್ಲ ಹಸಿರೇ. ಫೋಟೊದಲ್ಲಿ ಒಂದೇ ಗುಪ್ಪೆಯಾಗಿ ಬರುತ್ತದೆ. ಬೇರೆ ಬೇರೆಯಾಗಿ ಕಾಣುವುದು ಹೇಗೆ?

ನಾಲ್ಕು ಹೆಜ್ಜೆ ಆಚೀಚೆ ಸರಿಯಿರಿ. ಎರಡು ಕಾಂಡ ಒಂದರ ಮೇಲೊಂದು ಬಿದ್ದಿವೆಯಾ, ಹತ್ತಿರದ ಕೊಂಬೆ ಸರಿಯಾಗಿ ಬೆಟ್ಟದ ಗೆರೆಯನ್ನೇ ಕತ್ತರಿಸುತ್ತಿದೆಯಾ ನೋಡಿ. ಮರಕ್ಕೂ ಮರಕ್ಕೂ ನಡುವೆ ನೀರಿನ ಒಂದು ಸೀಳು ಕಂಡರೆ ಸಾಕು, ಎರಡೂ ಬಿಡಿಬಿಡಿ ಆಗುತ್ತವೆ.

ಮಂಜು ಈ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಹತ್ತಿರದ ಮರ ಕಪ್ಪಗೆ, ಅದರ ಹಿಂದಿನದು ಬೂದು, ಇನ್ನೂ ಹಿಂದಿನದು ಬರೀ ಛಾಯೆ. ಮಂಜಿನಲ್ಲಿ ಕ್ಯಾಮೆರಾ ಮೋಸ ಹೋಗಿ ಚಿತ್ರವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಮೇಲೆತ್ತಿ.

ಯಾವ ತಿಂಗಳಲ್ಲಿ ಯಾವ ಮರ ನೋಡಲು ಚೆಂದ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ನಮ್ಮ ಕಡೆ ಮರಗಳು ಒಟ್ಟಿಗೆ ಎಲೆ ಉದುರಿಸಿ ಒಟ್ಟಿಗೆ ಚಿಗುರುವುದಿಲ್ಲ, ಒಂದೊಂದಕ್ಕೆ ಒಂದೊಂದು ಕಾಲ. ಕೆಳಗಿನದು ಮೈಸೂರು ಊರಿಗೆಲ್ಲ ಅನ್ವಯಿಸುವ ಲೆಕ್ಕ. ಕೆರೆ ಸುತ್ತ, ಮಾನಸಗಂಗೋತ್ರಿ ರಸ್ತೆಗಳಲ್ಲಿ, ಕೃಷ್ಣರಾಜ ಬುಲೆವಾರ್ಡ್ ಕಡೆ ಹುಡುಕಿಕೊಂಡು ಓಡಾಡಿ. ಮಳೆ, ಬಿಸಿಲು ನೋಡಿಕೊಂಡು ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ.

ಜನವರಿ, ಫೆಬ್ರವರಿಯಲ್ಲಿ ಗುಲಾಬಿ ಟಬೆಬುಯಾ. ಅದೇ ಹೊತ್ತಿಗೆ ಬೂರುಗದ ಮರ ಎಲೆಯೆಲ್ಲ ಕಳಚಿ ಬರೀ ಕೊಂಬೆ ಮೇಲೆ ದಪ್ಪ ಕೆಂಪು ಹೂ ಬಿಟ್ಟಿರುತ್ತದೆ. ಎಲೆ ಇಲ್ಲದ್ದರಿಂದ ಕೊಂಬೆಗಳ ವಿನ್ಯಾಸ ಆಕಾಶದ ಎದುರು ಸ್ಪಷ್ಟ. ಫೆಬ್ರವರಿ ಹೊತ್ತಿಗೆ ಅರಳಿ ಚಿಗುರು, ತಾಮ್ರದ ಬಣ್ಣದ್ದು. ಬಿಸಿಲು ಅದರ ಹಿಂದಿನಿಂದ ಬೀಳುವ ಜಾಗದಲ್ಲಿ ನಿಲ್ಲಿ. ಮಾರ್ಚ್‌ನಲ್ಲಿ ಹಳದಿ ಟಬೆಬುಯಾ ಮತ್ತು ನೇರಳೆ ಬಣ್ಣದ ಜಕರಂಡಾ.

ಯುಗಾದಿ ಹೊತ್ತಿಗೆ ಹೊಂಗೆ. ಯಾರೂ ಇದನ್ನು ಲೆಕ್ಕಕ್ಕೆ ಇಡುವುದಿಲ್ಲ, ರಸ್ತೆ ಬದಿಯ ಮರ ಅಂತ ಉದಾಸೀನ. ಹಳೆ ಎಲೆ ಉದುರಿ ಹೊಸದು ಬಂದ ವಾರ ಹೊಂಗೆ ಮರದ ಕೆಳಗೆ ನಿಂತು ಮೇಲೆ ನೋಡಿ. ಎಳೆ ಎಲೆ ಎಷ್ಟು ತೆಳು ಅಂದರೆ ಬೆಳಕು ಅದರ ಮೂಲಕವೇ ಇಳಿಯುತ್ತದೆ, ನೆರಳೂ ಹಸಿರಾಗಿರುತ್ತದೆ. ಆಮೇಲೆ ಹೂ. ಬೆಳಿಗ್ಗೆ ದಾರಿ ಮೇಲೆ ಪುರಿ ಚೆಲ್ಲಿದ ಹಾಗೆ ಹೊಂಗೆ ಹೂ ಬಿದ್ದಿರುತ್ತದೆ. ಗುಡಿಸುವ ಮುಂಚೆ ಹೋಗಬೇಕು, ಫೋನನ್ನು ನೆಲಕ್ಕೆ ಇಟ್ಟು ತೆಗೆಯಬೇಕು.

ಏಪ್ರಿಲ್, ಮೇ ತಿಂಗಳು ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ. ಗುಲ್‌ಮೊಹರ್ ಕೆಂಪು ಮೊಬೈಲ್‌ನಲ್ಲಿ ಒಂದೇ ಕೆಂಪು ಕಲೆಯಾಗಿ ಬರುತ್ತದೆ, ಪಕಳೆ ಕಾಣುವುದಿಲ್ಲ. ಎಕ್ಸ್‌ಪೋಷರ್ ಇಳಿಸಿ, ನೆರಳಿನಲ್ಲಿರುವ ಹೂ ಆರಿಸಿಕೊಳ್ಳಿ. ಕಕ್ಕೆಯ ಹಳದಿ ಗೊಂಚಲಿಗೆ ಹಿಂದೆ ಕಡು ಬಣ್ಣ ಬೇಕು, ಬಿಳಿ ಆಕಾಶದ ಎದುರು ಅದು ಕಳೆದುಹೋಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶಮಲ್ಲಿಗೆ. ಅದರ ಬಿಳಿ ಹೂ ಮೇಲಿರುವಾಗ ತೆಗೆಯುವುದು ಕಷ್ಟ, ಒದ್ದೆ ನೆಲದ ಮೇಲೆ ಬಿದ್ದಾಗ ಬಹಳ ಚೆಂದ.

ಮಳೆಮರಕ್ಕೆ ವರ್ಷವಿಡೀ ಕಾಲ. ದಕ್ಷಿಣ ಅಮೆರಿಕದಿಂದ ಬಂದ ಈ ಮರ ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ, ದಟ್ಟ ಮೋಡ, ಮಳೆ ಬಂದಾಗಲೂ ಹಾಗೇ. ಮಧ್ಯಾಹ್ನ ದಟ್ಟ ಚಪ್ಪರವಾಗಿದ್ದದ್ದು ಸಂಜೆ ಜಾಲರಿಯಂತೆ ತೆರೆದುಕೊಂಡು ಆಕಾಶ ಕಾಣಿಸುತ್ತದೆ. ಕೊಂಬೆಗಳ ಚಿತ್ರ ಬೇಕಾದರೆ ಸಂಜೆ ಹೋಗಿ. ನೆರಳು ತುಂಬಿದ ಕೊಡೆ ಬೇಕಾದರೆ ಬೆಳಿಗ್ಗೆ ಸ್ವಲ್ಪ ಬಿಸಿಲೇರಿದ ಮೇಲೆ.

ಎಲೆ, ತೊಗಟೆ ಹತ್ತಿರದಿಂದ ತೆಗೆಯಬಹುದಾ?

ಖಂಡಿತ. ಬಿಸಿಲು ಗಟ್ಟಿಯಾಗಿ ದೂರದ ದೃಶ್ಯ ಕೆಟ್ಟ ಮೇಲೆ ಮಾಡಲು ಒಳ್ಳೆ ಕೆಲಸ. ಹೊಂಗೆ ಎಲೆಯನ್ನೇ ತೆಗೆದುಕೊಳ್ಳಿ. ಅದರ ಮೇಲೆ ಹಾವಿನಂತೆ ಅಂಕುಡೊಂಕಾಗಿ ಓಡಿದ ಬಿಳಿ ಗೆರೆ ಕಾಣುತ್ತದೆ. ಎಲೆಯ ಮೇಲ್ಪದರ ಕೆಳಪದರದ ನಡುವೆ ಪುಟ್ಟ ಹುಳು ತಿನ್ನುತ್ತಾ ಹೋದ ದಾರಿ ಅದು. ಹೊರಡುವ ತುದಿಯಲ್ಲಿ ಗೆರೆ ದಾರದಷ್ಟು ಸಣ್ಣ. ಹುಳು ಬೆಳೆದ ಹಾಗೆ ಗೆರೆ ಅಗಲವಾಗುತ್ತದೆ. ಎಲೆಯನ್ನು ಕೀಳದೆ, ಬಿಸಿಲು ಹಿಂದಿನಿಂದ ಬರುವ ಕಡೆ ನಿಂತು, ಎಲೆಗೆ ಸಮಾನಾಂತರವಾಗಿ ಫೋನ್ ಹಿಡಿದು ತೆಗೆಯಿರಿ. ನರಗಳ ಬಲೆಯೂ ಆ ಗೆರೆಯೂ ಒಟ್ಟಿಗೆ ಬರುತ್ತವೆ.

ತೊಗಟೆಗೆ ಪಕ್ಕದ ಬೆಳಕು ಬೇಕು. ನೀಲಗಿರಿ ತೊಗಟೆ ಸುಲಿದಾಗ ಒಳಗಿನ ಬಣ್ಣ ನೋಡಲು ಮಳೆ ಬಂದು ಹೋದ ಬೆಳಿಗ್ಗೆ ಒಳ್ಳೆಯದು.

ಗಾಳಿಗೆ ಎಲೆ ಅಲುಗಾಡಿ ಮಸುಕಾಗುತ್ತದೆ.

ಶಟರ್ (ಬೆಳಕಿಗೆ ತೆರೆದು ಮುಚ್ಚುವ ಬಾಗಿಲು) ಸೆಕೆಂಡಿನ 1/250 ಅಥವಾ ಅದಕ್ಕಿಂತ ವೇಗ ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿದರೂ ಪರವಾಗಿಲ್ಲ. ಗಾಳಿ ಅಲೆಅಲೆಯಾಗಿ ಬರುತ್ತದೆ, ನಡುವೆ ಒಂದೆರಡು ಕ್ಷಣ ನಿಲ್ಲುತ್ತದೆ. ಕಾಯಿರಿ.

ಮಧ್ಯಾಹ್ನ ಅಥವಾ ಮೋಡ ಇರುವಾಗ ಹೋದರೆ ದಂಡವಾ?

ಮೋಡಕ್ಕೆ ಹೆದರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ಬೆಳಕು ಹಸಿರಿಗೆ ಹೇಳಿ ಮಾಡಿಸಿದ್ದು. ಹೊಳಪಿಲ್ಲ, ಗಟ್ಟಿ ನೆರಳಿಲ್ಲ. ಆಕಾಶ ಬರೀ ಬಿಳಿಯಾಗಿದ್ದರೆ ಅದನ್ನು ಫ್ರೇಮಿನಿಂದ ಹೊರಗಿಡಿ. ಕಾಂಡ, ದಡ, ನೀರಿನ ಅಂಚು ಇಷ್ಟನ್ನೇ ತೆಗೆಯಿರಿ.

ಮಧ್ಯಾಹ್ನದ ಬಿಸಿಲು ಮಾತ್ರ ನಮ್ಮಲ್ಲಿ ಬಹಳ ಕಠಿಣ. ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಮಧ್ಯ ದಾಟಿದ ಮೇಲೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ಆ ಹೊತ್ತು ಮನೆಯಲ್ಲಿ ಊಟ ಮಾಡಿಕೊಂಡು ಇರಿ.

ಕ್ಯಾಮೆರಾ ಸೆಟ್ಟಿಂಗ್ ಏನಿಡಲಿ?

ಅಪರ್ಚರ್ (ಲೆನ್ಸ್‌ನೊಳಗಿನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್/8, ಐಎಸ್‌ಒ 100 ಅಥವಾ 200, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ‘ಡೇಲೈಟ್’, ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಚಿತ್ರ). ಇಷ್ಟರಿಂದ ಶುರು ಮಾಡಿ. ವೈಟ್ ಬ್ಯಾಲೆನ್ಸ್ ಆಟೊ ಇಟ್ಟರೆ ಬೆಳಗಿನ ಬಂಗಾರದ ಬಣ್ಣವನ್ನು ಕ್ಯಾಮೆರಾ ತಪ್ಪು ಅಂತ ತಿಳಿದು ತಿದ್ದಿಬಿಡುತ್ತದೆ. ಎಲೆ ಸಂದಿಯಿಂದ ಸೂರ್ಯ ನಕ್ಷತ್ರದ ಹಾಗೆ ಮಿನುಗಬೇಕು ಅಂದರೆ ಎಫ್/16. ಎಫ್/22ಕ್ಕೆ ಹೋದರೆ ಇಡೀ ಚಿತ್ರದ ಚುರುಕು ಕಮ್ಮಿಯಾಗುತ್ತದೆ. ಲೆನ್ಸ್ ವಿಷಯದಲ್ಲಿ ನನ್ನ ಮಾತು ಕೇಳುವುದಾದರೆ, ವೈಡ್‌ಗಿಂತ 70-200 ಎಂಎಂ ಇಲ್ಲಿ ಹೆಚ್ಚು ಉಪಯೋಗ. ಆಚೆ ದಡದ ಒಂದೇ ಮರವನ್ನು ಬಿಡಿಸಿ ತೆಗೆಯಲು ಅದು ಬೇಕು.

ಟ್ರೈಪಾಡ್, ಡ್ರೋನ್ ತರಬಹುದಾ? ಪ್ರೀ-ವೆಡ್ಡಿಂಗ್ ಶೂಟ್?

ಮೊಬೈಲ್, ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಿಟ್ಟು ಏನು ತರುವುದಾದರೂ ಮೊದಲು ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ವಿಚಾರಿಸಿ. ಗೇಟಿನಲ್ಲಿ ಕಾವಲಿನವರ ಹತ್ತಿರ ವಾದ ಮಾಡಬೇಡಿ, ನಿಯಮ ಮಾಡಿದವರು ಅವರಲ್ಲ. ಟ್ರೈಪಾಡ್ ಬಿಟ್ಟರೂ ನಡೆಯುವ ದಾರಿಯ ಮಧ್ಯೆ ಅದರ ಕಾಲು ಹರಡಬೇಡಿ. ವಯಸ್ಸಾದವರು ಬಹಳ ಜನ ಬರುತ್ತಾರೆ.

ಡ್ರೋನ್ ಬೇಡವೇ ಬೇಡ. 2021ರ ಡ್ರೋನ್ ನಿಯಮಗಳ ಮಾತು ಒಂದು ಕಡೆ ಇರಲಿ, ಇಲ್ಲಿ ನೂರಾರು ನೀರುಹಕ್ಕಿಗಳು ಕೂರುತ್ತವೆ. ತಲೆ ಮೇಲೆ ಗಿರ್ ಅಂತ ಸದ್ದಾದರೆ ಗುಂಪು ಗುಂಪಾಗಿ ಏಳುತ್ತವೆ, ಗೂಡಿನಲ್ಲಿ ಮೊಟ್ಟೆ ಮರಿ ಬಿಟ್ಟು ಹಾರುತ್ತವೆ. ಒಂದು ವಿಡಿಯೊಗೆ ಅದು ತೀರಾ ದುಬಾರಿ ಬೆಲೆ.

ಹಕ್ಕಿಗಳನ್ನೂ ಸೇರಿಸಿ ತೆಗೆಯಬಹುದಲ್ವಾ?

ಬಹುದು, ದೂರದಿಂದ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ ಇಲ್ಲಿ ಕಾಣಸಿಗುತ್ತವೆ. ಮರದ ಚಿತ್ರದಲ್ಲಿ ಹಕ್ಕಿ ಚಿಕ್ಕದಾಗಿದ್ದರೇ ಚೆಂದ. ಒಣಗಿದ ಕೊಂಬೆ ಮೇಲೆ ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಾ ಕೂತಿದ್ದರೆ ಮರದ ಎತ್ತರ ನೋಡುವವರಿಗೆ ತಾನಾಗಿ ಅರ್ಥವಾಗುತ್ತದೆ. ಹಾರಲಿ ಅಂತ ಕಲ್ಲು ಎಸೆಯುವುದು, ಚಪ್ಪಾಳೆ ತಟ್ಟುವುದು ಬೇಡ. ಯಾರಾದರೂ ಹಾಗೆ ಮಾಡುತ್ತಿದ್ದರೆ ಮೆಲ್ಲಗೆ ಹೇಳಿ ತಡೆಯಿರಿ. ಫ್ಲ್ಯಾಶ್ ಬೇಡ.

ವಾಕಿಂಗ್ ಮಾಡುವವರು ಫ್ರೇಮಿಗೆ ಬರುತ್ತಾರೆ. ಏನು ಮಾಡಲಿ?

ದೂರದಲ್ಲಿ ಚಿಕ್ಕದಾಗಿ ಒಬ್ಬರು ಇದ್ದರೆ ಚಿತ್ರಕ್ಕೆ ಒಳ್ಳೆಯದೇ. ಮುಖ ಗುರುತು ಸಿಗುವಷ್ಟು ಹತ್ತಿರ ಇದ್ದರೆ ಕೇಳಿ. ‘ಸರ್, ಒಂದು ಫೋಟೊ ತೆಗೆದುಕೊಳ್ಳಲಾ?’ ಅಂದರೆ ಬಹಳ ಜನ ನಕ್ಕು ಒಪ್ಪುತ್ತಾರೆ. ಬೇಡ ಅಂದರೆ ಅಲ್ಲಿಗೆ ಬಿಡಿ. ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳದೆ ಬೇಡ. ಜೋಡಿಯಾಗಿ ಕೂತವರ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಎಡಿಟಿಂಗ್ ಎಷ್ಟು ಮಾಡಬಹುದು?

ಗೆರೆ ನೇರ ಮಾಡಿ, ಅಂಚಿನಲ್ಲಿ ತೂರಿಕೊಂಡ ಕೊಂಬೆ ತುಂಡು ಕತ್ತರಿಸಿ, ಸ್ವಲ್ಪ ಕಾಂಟ್ರಾಸ್ಟ್. ಹಸಿರಿನ ವಿಷಯದಲ್ಲಿ ಮಾತ್ರ ಹುಷಾರು. ಫೋನ್‌ಗಳು ಹಸಿರನ್ನು ಮೊದಲೇ ಜಾಸ್ತಿ ಮಾಡಿರುತ್ತವೆ. ಅದರ ಮೇಲೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ಹೊಂಗೆಯೂ ಬಿದಿರೂ ಆಲವೂ ಒಂದೇ ಪೇಂಟ್ ಬಣ್ಣಕ್ಕೆ ಬರುತ್ತವೆ. ಒಂದೊಂದು ಮರದ ಹಸಿರು ಬೇರೆ. ಬಿದಿರಿನದ್ದು ಹಳದಿ ಕಡೆ, ಆಲದ್ದು ಕಪ್ಪಿನ ಕಡೆ. ಆ ವ್ಯತ್ಯಾಸ ಉಳಿಯಬೇಕು. ನಾನು ಹಸಿರಿನ ಸ್ಯಾಚುರೇಷನ್ ಇಳಿಸುತ್ತೇನೆಯೇ ಹೊರತು ಏರಿಸುವುದಿಲ್ಲ. ಇಲ್ಲದ ಮೋಡ, ಇಲ್ಲದ ಹಕ್ಕಿ ತಂದು ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಮೈಸೂರಿನಲ್ಲಿ ಇದೇ ಥರದ ಬೇರೆ ಜಾಗ ಇದೆಯಾ?

ಮೃಗಾಲಯದ ಪಕ್ಕದ ಕಾರಂಜಿ ಕೆರೆ ಬೆಟ್ಟಕ್ಕೆ ಇನ್ನೂ ಹತ್ತಿರ. ಮರಗಳು ದಟ್ಟ, ಚಿಟ್ಟೆ ಉದ್ಯಾನವೂ ಇದೆ. ಆದರೆ ಟಿಕೆಟ್ ಕೊಟ್ಟು ಒಳಗೆ ಹೋಗುವ ಹೊತ್ತಿಗೆ ಬೆಳಗಿನ ಬೆಳಕು ಮುಗಿದಿರುತ್ತದೆ. ಮಂಗಳವಾರ ರಜೆ. ಸಂಜೆ ನೋಡಿಕೊಂಡು ಹೋಗಿ. ಊರಿನ ನೈಋತ್ಯಕ್ಕೆ ಲಿಂಗಾಂಬುಧಿ ಕೆರೆ ಇದೆ. ಅದನ್ನು ಕಟ್ಟಿಸಿದವರೂ ಮುಮ್ಮಡಿಯವರೇ. ಅಲ್ಲಿ ಗದ್ದಲ ಕಮ್ಮಿ. ಬೆಂಗಳೂರಿನವರಿಗೆ ಲಾಲ್‌ಬಾಗ್ ಕೆರೆ, ಸ್ಯಾಂಕಿ ಕೆರೆ ಹತ್ತಿರ. ಆದರೆ ಅಲ್ಲಿ ಮರದ ಹಿಂದೆ ಅಪಾರ್ಟ್‌ಮೆಂಟ್ ಬಾರದ ಹಾಗೆ ನಿಲ್ಲುವುದೇ ದೊಡ್ಡ ಕೆಲಸ.

ಒಬ್ಬಳೇ ಹೋಗಬಹುದಾ? ಏನೇನು ಜಾಗ್ರತೆ ಬೇಕು?

ಬೆಳಿಗ್ಗೆ ವಾಕಿಂಗ್ ಹೊತ್ತಿನಲ್ಲಿ ದಾರಿಯುದ್ದಕ್ಕೂ ಜನ ಇರುತ್ತಾರೆ, ಹೆಂಗಸರೂ ಬಹಳ ಮಂದಿ ಬರುತ್ತಾರೆ. ದಾರಿ ಬಿಟ್ಟು ಪೊದೆಯೊಳಗೆ ಹೋಗಬೇಡಿ, ಹಾವು ಇರುತ್ತವೆ. ದಡದ ಕಲ್ಲು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಫೋನಿಗೆ ಕೈಗೆ ಸಿಕ್ಕಿಸುವ ದಾರ ಇರಲಿ. ಸಂಜೆ ಸೊಳ್ಳೆ ಜಾಸ್ತಿ, ತುಂಬು ತೋಳಿನ ಅಂಗಿ ಹಾಕಿ.

ಫೋಟೊ ಹಾಕುವಾಗ ಜಾಗದ ಗುರುತು ಹಾಕಬಹುದಾ?

ಕೆರೆಯ ಹೆಸರು ಹಾಕಿ, ಮರದ ಹೆಸರೂ ಹಾಕಿ, ತಿಂಗಳು ಬರೆಯಿರಿ. ಯಾವ ಮರ ಯಾವಾಗ ಹೂ ಬಿಟ್ಟಿತು ಅನ್ನುವುದು ವರ್ಷ ಕಳೆದಂತೆ ಬೆಲೆ ಬಾಳುವ ಮಾಹಿತಿ. ರಸ್ತೆ ಅಗಲ ಮಾಡುವಾಗಲೋ ಬಿರುಗಾಳಿಗೋ ಮರ ಹೋದರೆ, ಅದು ಅಲ್ಲಿತ್ತು ಅನ್ನುವುದಕ್ಕೆ ನಿಮ್ಮ ಫೋಟೊ ದಾಖಲೆಯಾಗುತ್ತದೆ. ಗೂಡಿನ ಫೋಟೊ ಇದ್ದರೆ ಮಾತ್ರ ಜಾಗ ಬರೆಯಬೇಡಿ. ಫೋನಿನ ಲೊಕೇಶನ್ ಗುರುತೂ ಚಿತ್ರದೊಳಗೆ ಸೇರಿಕೊಂಡಿರುತ್ತದೆ, ಹಂಚುವ ಮುಂಚೆ ಅದನ್ನು ಅಳಿಸಿ.